ಶಂಟಿಂಗಿಗೇ ಮೊದಲು ಡೀಸೆಲ್ ಏಕೆ?

ಪ್ರಶ್ನೆ: ಕೆನಡಾದಲ್ಲಿ ಡೀಸೆಲ್ ಎಂಜಿನ್ ಮೊದಲು ಯಾರ್ಡಿಗೇ ಬಂತಂತೆ, ಹೌದೇ?

ಉತ್ತರ: ಕೆನೆಡಿಯನ್ ಪೆಸಿಫಿಕ್ ರೈಲ್ವೆಯ ಮಟ್ಟಿಗೆ ಹೌದು. ಅದು 1943ರಲ್ಲೇ ಆಲ್ಕೋ ಕಂಪನಿಯ 1,000 ಅಶ್ವಶಕ್ತಿಯ ಎಸ್-2 ಡೀಸೆಲ್ ಎಂಜಿನ್‌ಗಳನ್ನು ಶಂಟಿಂಗಿಗೆ ಇಳಿಸಿತು. ದೂರದ ರೈಲುಗಳಿಗಾಗಿ 1949ರಲ್ಲೂ ಹೊಸ ಉಗಿ ಎಂಜಿನ್ ಕೊಂಡಿತು!

ಶಂಟಿಂಗ್ ಎಂದರೆ ನಾಲ್ಕು ವ್ಯಾಗನ್ ತಳ್ಳು, ನಿಲ್ಲು, ಕಾಯು. ಉಗಿ ಎಂಜಿನ್ ಸುಮ್ಮನೆ ನಿಂತರೂ ಒಲೆ ಉರಿಯಲೇಬೇಕು. ನಡುವೆ ಬೂದಿ ತೆಗೆಯಬೇಕು, ನೀರು ತುಂಬಬೇಕು. ಫೈರ್‌ಮನ್ನನ ಸಲಿಕೆಗೆ ಬಿಡುವಿಲ್ಲ. ಡೀಸೆಲ್‌ಗೆ ಈ ಉಪಚಾರ ಬೇಡ. ನಿಂತಲ್ಲಿಂದಲೇ ಜೋರಾಗಿ ಎಳೆಯುವುದು ಅದರ ಗುಣ. ಆದರೂ ಅಲ್ಲಿನ ಚಳಿಗೆ ಅದೂ ಬಗ್ಗಬೇಕು: ತಂಪುಗೊಳಿಸುವ ನೀರು ಹೆಪ್ಪುಗಟ್ಟದಿರಲೆಂದು ರಾತ್ರಿಯಿಡೀ ಎಂಜಿನನ್ನು ಗುರುಗುಟ್ಟಿಸುತ್ತಲೇ ಇಡುತ್ತಿದ್ದರು. ಕೊನೆಗೆ ಮುಖ್ಯ ಮಾರ್ಗಗಳ ಉಗಿ ಎಂಜಿನ್‌ಗಳೂ 1960ರ ಹೊತ್ತಿಗೆ ನಿವೃತ್ತವಾದವು.