ಕೀಚಕನೂ ವಿರಾಟನ ಸಭೆಯೂ

ವಿರಾಟಪರ್ವದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಸೈರಂಧ್ರಿಯು ಒಲ್ಲೆನೆಂದು ಸ್ಪಷ್ಟವಾಗಿ ನುಡಿದ ಮೇಲೂ ಕೀಚಕನು ಅವಳ ಬೆನ್ನು ಬಿಡಲಿಲ್ಲ. ತುಂಬಿದ ಸಭೆಯಲ್ಲಿಯೇ ಅವಳನ್ನು ಒದೆದನು. ಅಪರಾಧಿಯು ತನ್ನ ಮೈದುನನೂ ಸೇನಾನಿಯೂ ಆಗಿದ್ದುದರಿಂದ ವಿರಾಟನು ಅವನನ್ನು ದಂಡಿಸಲಿಲ್ಲ. ಕಥೆ ಕೇಳುವಾಗ ಕೀಚಕನನ್ನು ಶಪಿಸುವ ನಾವು ವಿರಾಟನನ್ನು ಮರೆತುಬಿಡುತ್ತೇವೆ. ಇಂದಿನ ಕೀಚಕರ ವಿಷಯದಲ್ಲಿಯೂ ನಾವು ಮಾಡುತ್ತಿರುವ ತಪ್ಪು ಇದೇ.

ಇಂದಿನ ಕೀಚಕನಿಗೆ ಅರಮನೆ ಬೇಕಿಲ್ಲ; ಅಂಗೈಯಗಲದ ಮೊಬೈಲು ಸಾಕು. ಕಾಲೇಜಿನ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ ಕಾಯುವವನು ರಾತ್ರಿಯ ವೇಳೆ ಹತ್ತು ಸುಳ್ಳು ಹೆಸರುಗಳಿಂದ ಸಂದೇಶಗಳನ್ನು ಕಳುಹಿಸುತ್ತಾನೆ. ಹೆಣ್ಣುಮಗಳ ಭಾವಚಿತ್ರವನ್ನು ಕೆಡಿಸಿ ಊರಿಗೆಲ್ಲ ಹಂಚುವೆನೆಂದು ಬೆದರಿಸುತ್ತಾನೆ. ಇದನ್ನು ಕೇಳಿದ ಮನೆಯ ಹಿರಿಯರು ಮಾಡುವುದೇನು? ಸೆರಗು ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಸೆರಗಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ ಎಂದು ಗಾದೆ ಹೇಳಿ, ಹುಡುಗಿಯ ಮೊಬೈಲನ್ನು ಕಸಿದುಕೊಳ್ಳುತ್ತಾರೆ, ಓದನ್ನು ನಿಲ್ಲಿಸುತ್ತಾರೆ, ಅವಸರದಲ್ಲಿ ಒಂದು ಮದುವೆಯನ್ನು ಗೊತ್ತುಮಾಡುತ್ತಾರೆ. ಅಪರಾಧ ಒಬ್ಬನದು, ಶಿಕ್ಷೆ ಮತ್ತೊಬ್ಬಳಿಗೆ! ಮನೆಯವರಿಗೆ ಹೇಳಿದರೆ ಓದು ನಿಲ್ಲುವುದೆಂಬ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಆ ಮೌನವೇ ದುಷ್ಟನ ಬಂಡವಾಳ.

ಇದು ಹುಡುಗಾಟಿಕೆ, ನಾಲ್ಕು ದಿನದಲ್ಲಿ ತಣ್ಣಗಾಗುವುದು ಎನ್ನುವವರು ದಿಲ್ಲಿಯ ಒಂದು ಪ್ರಕರಣವನ್ನು ನೆನೆಯಬೇಕು. ಅಲ್ಲಿನ ಕಾನೂನು ವಿದ್ಯಾರ್ಥಿನಿಯೊಬ್ಬಳು ತನ್ನನ್ನು ಬೆನ್ನಟ್ಟುತ್ತಿದ್ದವನ ಮೇಲೆ ಪೋಲೀಸರಿಗೆ ಮತ್ತೆ ಮತ್ತೆ ಫಿರ್ಯಾದು ಕೊಟ್ಟಿದ್ದಳು. ಅವನು ಹಿರಿಯ ಪೋಲೀಸ್ ಅಧಿಕಾರಿಯೊಬ್ಬರ ಮಗ. ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟನು, ಮತ್ತೆ ಬೆನ್ನಟ್ಟಿದನು. 1996ರ ಜನವರಿಯಲ್ಲಿ ಆಕೆ ತನ್ನ ಮನೆಯಲ್ಲಿಯೇ ಕೊಲೆಯಾದಳು. ಕೆಳಗಿನ ನ್ಯಾಯಾಲಯವು 1999ರಲ್ಲಿ ಅವನನ್ನು ಬಿಡುಗಡೆ ಮಾಡಿತು. 2006ರಲ್ಲಿ ದಿಲ್ಲಿಯ ಹೈಕೋರ್ಟು ಅಪರಾಧಿಯೆಂದು ತೀರ್ಮಾನಿಸಿತು. ಬೆನ್ನಟ್ಟುವುದಕ್ಕೆ ಆಗ ದಂಡಸಂಹಿತೆಯಲ್ಲಿ ಪ್ರತ್ಯೇಕ ಹೆಸರೇ ಇರಲಿಲ್ಲ.

ಈಗ ಆ ಕೊರತೆಯಿಲ್ಲ. 2012ರ ಡಿಸೆಂಬರಿನ ದಿಲ್ಲಿ ದುರಂತದ ಮೇಲೆ ನ್ಯಾಯಮೂರ್ತಿ ವರ್ಮಾ ಸಮಿತಿಯು ವರದಿ ಕೊಟ್ಟಿತು; 2013ರಲ್ಲಿ ಇದು ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ, ಹೆಂಗಸು ಒಲ್ಲೆನೆಂದು ಸ್ಪಷ್ಟಪಡಿಸಿದ ಮೇಲೂ ಗಂಡಸು ಅವಳನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಕ್ಕೆ ಯತ್ನಿಸುವುದೂ, ಅಂತರ್ಜಾಲದಲ್ಲಿ ಅವಳ ವ್ಯವಹಾರದ ಮೇಲೆ ಕಣ್ಣಿಡುವುದೂ ಅಪರಾಧ. ಮೊದಲ ಸಲ ಮೂರು ವರ್ಷಗಳವರೆಗೆ, ಪುನಃ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟು. ಮೊದಲ ಅಪರಾಧಕ್ಕೆ ಜಾಮೀನು ದೊರೆಯುತ್ತದೆ. ಆದುದರಿಂದ ಫಿರ್ಯಾದಿನೊಡನೆ ಎಚ್ಚರಿಕೆಯೂ ಅಗತ್ಯ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಒಲ್ಲೆನೆಂಬುದನ್ನು ಒಂದೇ ಸಲ, ಸಂಶಯಕ್ಕೆ ಎಡೆಯಿಲ್ಲದಂತೆ, ಸಾಧ್ಯವಾದರೆ ಬರೆಹದಲ್ಲಿ ತಿಳಿಸಬೇಕು. ಅನಂತರ ಅವನೊಡನೆ ವಾದವೂ ಬೇಡ, ಬೈಗುಳವೂ ಬೇಡ. ಇಪ್ಪತ್ತು ಸಂದೇಶಗಳಿಗೆ ಒಂದು ಉತ್ತರ ಸಿಕ್ಕಿದರೂ, ಇಪ್ಪತ್ತು ಸಲ ಕಾಡಿದರೆ ಉತ್ತರ ಬರುವುದೆಂದೇ ಅವನು ತಿಳಿಯುತ್ತಾನೆ. ಎರಡನೆಯದಾಗಿ, ಅಸಹ್ಯಪಟ್ಟು ಸಂದೇಶಗಳನ್ನು ಅಳಿಸಿಬಿಡಬಾರದು. ದಿನ, ವೇಳೆ, ಅವನು ಬಳಸಿದ ಹೆಸರು, ಸಂಖ್ಯೆ ಕಾಣುವಂತೆ ಅವುಗಳ ಪ್ರತಿ ತೆಗೆದಿಟ್ಟು, ಬೀದಿಯಲ್ಲಿ ಕಾಡಿದ ಸಂದರ್ಭಗಳನ್ನು ದಿನಚರಿಯಲ್ಲಿ ಬರೆದಿಡಬೇಕು. ಮೂರನೆಯದಾಗಿ, ನಂಬಿಕಸ್ಥರಾದ ಇಬ್ಬರಿಗಾದರೂ ವಿಷಯ ತಿಳಿದಿರಬೇಕು. ಪ್ರಾಣಭಯವಿದ್ದಾಗ 112ಕ್ಕೆ ಕರೆ ಮಾಡಬೇಕು. ಮಹಿಳೆಯರಿಗೆ 181 ಸಹಾಯವಾಣಿಯೂ, ಅಂತರ್ಜಾಲದ ಕಿರುಕುಳಕ್ಕೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣವೂ ಇವೆ. ಮನೆಯ ಗಂಡಸರು ದೊಣ್ಣೆ ಹಿಡಿದು ಹೊರಡುವುದು ಪೌರುಷವಲ್ಲ. ಅದರಿಂದ ಮೊಕದ್ದಮೆ ಕೆಡುವುದು, ಫಿರ್ಯಾದಿಯೇ ಆರೋಪಿಯಾಗುವನು.

ಅಧಿಕಾರಿವರ್ಗಕ್ಕೂ ನಮ್ಮದೊಂದು ವಿಜ್ಞಾಪನೆ. "ಈ ಊರು ನಮ್ಮ ಠಾಣೆಯ ಸರಹದ್ದಿಗೆ ಸೇರಿಲ್ಲ" ಎಂಬ ಉತ್ತರಕ್ಕೆ ಈಗ ಕಾನೂನಿನಲ್ಲಿ ಜಾಗವಿಲ್ಲ. ಅಪರಾಧ ಎಲ್ಲಿಯೇ ನಡೆದಿರಲಿ, ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಯಾವ ಠಾಣೆಯಾದರೂ ಫಿರ್ಯಾದನ್ನು ಬರೆದುಕೊಳ್ಳಬೇಕು. ಇಂಥ ಪ್ರಕರಣದಲ್ಲಿ ಹೆಂಗಸಿನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಠಾಣೆಯವರು ನಿರಾಕರಿಸಿದರೆ ಜಿಲ್ಲೆಯ ಪೋಲೀಸ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ತಿಳಿಸಬಹುದು. ಅಲ್ಲಿಯೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಮುಚ್ಚಳಿಕೆಯ ಕಾಗದವೊಂದನ್ನು ಬರೆಯಿಸಿಕೊಂಡು ಕಡತ ಮುಚ್ಚುವ ಪದ್ಧತಿಯ ಬೆಲೆ ಎಷ್ಟೆಂಬುದು 1996ರಲ್ಲಿಯೇ ತಿಳಿದಿದೆ.

ಸೈರಂಧ್ರಿಯು ನ್ಯಾಯಕ್ಕಾಗಿ ಮೊದಲು ಹೋದುದು ರಾಜಸಭೆಗೆ. ಸಭೆ ಕೈಬಿಟ್ಟ ಮೇಲೆಯೇ ರಾತ್ರಿಯ ಹೊತ್ತು ಭೀಮನ ಬಳಿಗೆ. ರಾಜ್ಯವು ತನ್ನ ಕರ್ತವ್ಯವನ್ನು ಮಾಡಿದ್ದರೆ ನರ್ತನಶಾಲೆಯ ಆ ಕತ್ತಲೆಯ ಪ್ರಸಂಗವೇ ಬೇಕಾಗುತ್ತಿರಲಿಲ್ಲ. ನಮ್ಮ ಮನೆಗಳೂ ಠಾಣೆಗಳೂ ವಿರಾಟನ ಸಭೆಗಳಾಗದಿರಲಿ. ಮಗಳೊಬ್ಬಳು ಬಂದು "ಒಬ್ಬನು ಕಾಡುತ್ತಿದ್ದಾನೆ" ಎಂದಾಗ, "ನೀನೇನು ಮಾಡಿದೆ?" ಎಂದು ಕೇಳದೆ "ಅವನು ಯಾರು?" ಎಂದು ಕೇಳುವ ಹಿರಿಯರು ಪ್ರತಿಯೊಂದು ಮನೆಯಲ್ಲಿಯೂ ಇರಬೇಕು.