‘ಸ್ಪೆಕ್ಯುಲೇಷನ್’ ಎಂದರೆ ಮೊದಲು ಊಹೆ ಆಗಿರಲೇ ಇಲ್ಲ! ‘ಸ್ಪಷ್ಟ’ ಪದಕ್ಕೂ ಅದಕ್ಕೂ ಇರುವ ನಂಟೇನು?

ಸಂಪುಟ ವಿಸ್ತರಣೆ ಯಾವಾಗ, ಚಿನ್ನದ ರೇಟು ಎಲ್ಲಿಗೆ ಹೋಗುತ್ತದೆ, ಯಾವ ನಟಿಯ ಮದುವೆ ಯಾರ ಜೊತೆ? ಟಿವಿಯಲ್ಲಿ ಇಂಥ ಚರ್ಚೆ ಶುರುವಾದರೆ ಯಾರಾದರೂ ಒಬ್ಬರು ‘ಇದೆಲ್ಲ ಬರೀ ಸ್ಪೆಕ್ಯುಲೇಷನ್’ ಎಂದೇ ಎನ್ನುತ್ತಾರೆ. ಪುರಾವೆ ಇಲ್ಲದ ಊಹೆ ಎಂಬುದು ನಮಗೆಲ್ಲ ಗೊತ್ತಿರುವ ಅರ್ಥ. ಆದರೆ ಈ ಪದ ಹುಟ್ಟಿದ್ದು ಕಣ್ಣಾರೆ ನೋಡುವ ಕೆಲಸದಿಂದ.

ಲ್ಯಾಟಿನ್ ಭಾಷೆಯಲ್ಲಿ ‘ಸ್ಪೆಕುಲಾ’ ಎಂದರೆ ಕಾವಲು ಗೋಪುರ. ನಮ್ಮ ಕೋಟೆಗಳ ಬುರುಜು ಇದೆಯಲ್ಲ, ಅಂಥದ್ದು. ಎತ್ತರದಲ್ಲಿ ನಿಂತು ಕಣ್ಣಿಡುವುದಕ್ಕೆ ‘ಸ್ಪೆಕುಲಾರಿ’ ಎನ್ನುತ್ತಿದ್ದರು. ರೋಮನ್ ಸೇನೆಯಲ್ಲಿ ಶತ್ರುವಿನ ಚಲನವಲನ ನೋಡಿಕೊಂಡು ಬರುವ ಬೇಹುಗಾರನ ಹೆಸರು ‘ಸ್ಪೆಕುಲಾಟೋರ್’. ಅವನು ಊಹಿಸಿ ಹೇಳಿದರೆ ಇಡೀ ಪಡೆಯೇ ಹಳ್ಳಕ್ಕೆ ಬೀಳುತ್ತಿತ್ತು.

14ನೇ ಶತಮಾನದ ಹೊತ್ತಿಗೆ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಪದದ ಅರ್ಥ ಹೊರಗಣ್ಣಿನಿಂದ ಒಳಗಣ್ಣಿಗೆ ಜಾರಿತ್ತು. ಆಗ ಅದು ಆಳವಾದ ಚಿಂತನೆ, ಧ್ಯಾನ. ಎರಡು ಶತಮಾನ ಕಳೆಯುವಷ್ಟರಲ್ಲಿ, ಆಧಾರವಿಲ್ಲದೆ ತಲೆಯಲ್ಲೇ ಕಟ್ಟಿದ ಮಾತು ಎಂಬ ಹೀಗಳಿಕೆಯೂ ಸೇರಿತು. 18ನೇ ಶತಮಾನದ ಉತ್ತರಾರ್ಧದಲ್ಲಿ ಮಾರುಕಟ್ಟೆಯವರು ಅದನ್ನು ಎತ್ತಿಕೊಂಡರು. ಇನ್ನೂ ಕಾಣದ ನಾಳೆಯ ಬೆಲೆಯ ಮೇಲೆ ಇಂದೇ ಹಣ ಹೂಡುವುದು, ನಾವು ಸಟ್ಟಾ ಎನ್ನುತ್ತೇವಲ್ಲ, ಅದು. (ಷೇರನ್ನು ಅದೇ ದಿನ ಕೊಂಡು ಅದೇ ದಿನ ಮಾರುವವರಿಗೆ ಇದು ಗೊತ್ತಿರಬೇಕು: ನಮ್ಮ 1961ರ ಆದಾಯ ತೆರಿಗೆ ಕಾಯ್ದೆ ಆ ಲಾಭವನ್ನು ‘ಸ್ಪೆಕ್ಯುಲೇಟಿವ್’ ವ್ಯವಹಾರದ್ದು ಎಂದೇ ಕರೆಯಿತು.)

ಇನ್ನೂ ಹಿಂದಕ್ಕೆ ಹೋದರೆ ಒಂದು ಸೋಜಿಗ ಕಾದಿದೆ. ಈ ಎಲ್ಲದರ ಬೇರು ‘ಸ್ಪೆಕ್’, ಅಂದರೆ ನೋಡು. ಇನ್‌ಸ್ಪೆಕ್ಟರ್, ಸಸ್ಪೆಕ್ಟ್, ಸ್ಪೈ ಎಲ್ಲವೂ ಅದೇ ಬೇರಿನ ಚಿಗುರುಗಳು. ಸಂಸ್ಕೃತದಲ್ಲಿ ಅದೇ ಬೇರಿನಿಂದ ನೋಡುವುದನ್ನು ಹೇಳುವ ‘ಪಶ್ಯತಿ’ ಬಂದಿದೆ, ಗೂಢಚಾರ ಎಂಬರ್ಥದ ‘ಸ್ಪಶ’ ಬಂದಿದೆ. ಋಗ್ವೇದದ ವರುಣನಿಗೂ ಇಂಥ ಬೇಹುಗಾರರಿದ್ದಾರೆ. ನಾವು ದಿನಾ ಬಳಸುವ ‘ಸ್ಪಷ್ಟ’ವೂ ಇದೇ ಮನೆಯದು. ಚೆನ್ನಾಗಿ ಕಂಡದ್ದು ಸ್ಪಷ್ಟ. ಹೀಗೆ ಸ್ಪಷ್ಟ ಮತ್ತು ಸ್ಪೆಕ್ಯುಲೇಷನ್ ದೂರದ ದಾಯಾದಿಗಳು!

ಇಷ್ಟು ಓದಿ ‘ನೋಡಿ, ಇಂಗ್ಲಿಷ್ ಕೂಡ ಸಂಸ್ಕೃತದಿಂದಲೇ ಬಂದದ್ದು’ ಎಂದು ಫ್ಯಾಮಿಲಿ ಗ್ರೂಪಿಗೆ ಹಾಕಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಇಂಥ ಪಟ್ಟಿಗಳು ವಾಟ್ಸಾಪ್‌ನಲ್ಲಿ ಬಹಳ ಓಡಾಡುತ್ತವೆ. ಪಟ್ಟಿಯಲ್ಲಿರುವ ಎಷ್ಟೋ ಹೋಲಿಕೆಗಳು ನಿಜ, ತೆಗೆಯುವ ತೀರ್ಮಾನ ಮಾತ್ರ ತಪ್ಪು. ಲ್ಯಾಟಿನ್ ಮತ್ತು ಸಂಸ್ಕೃತ ತಾಯಿ ಮಗಳಲ್ಲ, ಒಂದೇ ಅಜ್ಜಿಯ ಮೊಮ್ಮಕ್ಕಳಿದ್ದಂತೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಉಳಿದಿಲ್ಲದ ಒಂದು ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲೇ ಹೇಳಿದ್ದರು.

ಆ ಅಜ್ಜಿಯ ಭಾಷೆಯಲ್ಲಿ ಬರೆದ ಒಂದು ಸಾಲೂ ಸಿಕ್ಕಿಲ್ಲ. ಹಾಗಾದರೆ ‘ಸ್ಪೆಕ್’ ಎಂಬ ಬೇರು ಗೊತ್ತಾದದ್ದು ಹೇಗೆ? ಮಕ್ಕಳು ಮೊಮ್ಮಕ್ಕಳ ಭಾಷೆಗಳಲ್ಲಿ ಸದ್ದುಗಳು ಬದಲಾದ ಕ್ರಮವನ್ನು ಒಂದರ ಪಕ್ಕ ಒಂದಿಟ್ಟು ವಿದ್ವಾಂಸರು ಊಹಿಸಿದ್ದಾರೆ. ಹೌದು, ಅದೂ ಊಹೆಯೇ! ಆದರೆ ಅಂಥ ಪದದ ಮುಂದೆ ಅವರು ತಪ್ಪದೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಇದನ್ನು ಬರಹದಲ್ಲಿ ಯಾರೂ ಕಂಡಿಲ್ಲ, ಲೆಕ್ಕ ಹಾಕಿ ಕಟ್ಟಿದ್ದು ಎಂಬ ಸೂಚನೆ ಅದು. ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಅಂಥ ಗುರುತು ಇರುವುದಿಲ್ಲ.

ಕನ್ನಡದ ‘ಊಹಾಪೋಹ’ಕ್ಕೂ ಇದೇ ಗತಿಯಾಗಿದೆ. ಸಂಸ್ಕೃತದಲ್ಲಿ ‘ಊಹ’ ಎಂದರೆ ತರ್ಕದಿಂದ ಹೀಗಿರಬಹುದು ಎಂದು ಎತ್ತಿಕೊಳ್ಳುವುದು, ‘ಅಪೋಹ’ ಎಂದರೆ ಹೀಗಿರಲಾರದು ಎಂದು ತಳ್ಳಿಹಾಕುವುದು. ಪರ ವಿರೋಧ ಎರಡನ್ನೂ ತೂಗುವ ಈ ಕೆಲಸವನ್ನು ಬುದ್ಧಿಯ ಎಂಟು ಗುಣಗಳಲ್ಲಿ ಸೇರಿಸಿದ್ದರು. ಇಂದು ‘ಊಹಾಪೋಹಗಳಿಗೆ ಕಿವಿಗೊಡಬೇಡಿ’ ಎಂದು ಪೊಲೀಸರು ಹೇಳಿದಾಗ ನಮ್ಮ ಮನಸ್ಸಿಗೆ ಬರುವುದು ಗಾಳಿಸುದ್ದಿ ಮಾತ್ರ. ತಳ್ಳಿಹಾಕುವ ಅರ್ಧ ಪದದಲ್ಲಿ ಉಳಿದಿದೆ, ಬಳಕೆಯಲ್ಲಿ ಹೋಗಿದೆ.

ಆ ಅರ್ಧ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2018ರ ಜುಲೈನಲ್ಲಿ ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ಜನರ ಗುಂಪು ಹಲ್ಲೆ ಮಾಡಿ, ಅವರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿದ್ದು ಅದೇ ತಿಂಗಳು. ಆ ದಿನ ಸ್ಥಳದಲ್ಲಿದ್ದವರು ನಿಜಕ್ಕೂ ನೋಡಿದ್ದು ಅಪರಿಚಿತರ ಕೈಯಲ್ಲಿದ್ದ ಚಾಕೊಲೇಟನ್ನು. ಮಕ್ಕಳನ್ನು ಕದ್ದದ್ದನ್ನು ಯಾರೂ ನೋಡಿರಲಿಲ್ಲ.