ಅಭಾವ ಕಲಿಸಿದ ಸಿಹಿ

ದಿನವಿಡೀ ಪರರ ತಟ್ಟೆಗೆ ಸಿಹಿ ಬಡಿಸುವ ನಮ್ಮ ಹೊಟೇಲು ಬಂಧುಗಳು ರಜೆಯ ದಿನ ಬಿಡಾರದಲ್ಲಿ ತಮಗಾಗಿ ಏನು ಮಾಡಿಕೊಳ್ಳುತ್ತಾರೆ? ಬಹುಮಟ್ಟಿಗೆ ಒಂದು ಲೋಟ ಚಹ, ಅಷ್ಟೇ. ಒಂದೇ ಕೋಣೆಯಲ್ಲಿ ಸಂಸಾರ ಹೂಡಿರುವ ಗುಮಾಸ್ತರ ಮನೆಯಲ್ಲಿಯೂ ಬೇಕರಿಯ ತಿನಿಸೆಂದರೆ ಕೊಂಡು ತರುವುದೇ ಹೊರತು ಮಾಡುವುದಲ್ಲ ಎಂಬ ನಂಬಿಕೆ ಬೇರೂರಿದೆ. ಆ ನಂಬಿಕೆಯನ್ನು ಸಡಿಲಿಸಬಲ್ಲ ತಿನಿಸೊಂದನ್ನು ಇಂದು ವಾಚಕರ ಮುಂದಿಡುತ್ತೇವೆ.

ಇದರ ಹೆಸರು ಕ್ರಂಬಲ್. ಬ್ರಿಟನ್ನಿನಲ್ಲಿ ಇದು ಮನೆಮಾತಾದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1940ರ ಜನವರಿಯಿಂದ ಅಲ್ಲಿ ಬೆಣ್ಣೆ, ಸಕ್ಕರೆಗಳು ಪಡಿತರಕ್ಕೆ ಒಳಪಟ್ಟವು. ಪಡಿತರ ಪೂರ್ಣವಾಗಿ ಕೊನೆಗೊಂಡುದು 1954ರಲ್ಲಿ. ಹಣ್ಣಿಗೆ ಹಿಟ್ಟಿನ ಹೊದಿಕೆ ಹೊದಿಸಿ ಬೇಯಿಸುವ 'ಪೈ'ಗೆ ಬೆಣ್ಣೆ ಹೆಚ್ಚು ಬೇಕು. ಅದು ಸಾಲದಾದಾಗ ಗೃಹಿಣಿಯರು ಹಣ್ಣಿನ ಮೇಲೆ ಹಿಟ್ಟಿನ ಪುಡಿಯನ್ನಷ್ಟೇ ಉದುರಿಸಿ ಬೇಯಿಸಿದರು. ಕೊರತೆಯ ದಿನಗಳ ಈ ತಿನಿಸು ಸಮೃದ್ಧಿ ಬಂದ ಮೇಲೂ ಉಳಿಯಿತು.

ನಾಲ್ವರಿಗೆ ನಾಲ್ಕು ಸೇಬು ಸಾಕು. ಸಂಜೆ ಕೈಗಾಡಿಯಲ್ಲಿ ಅಗ್ಗಕ್ಕೆ ದೊರೆಯುವ, ಪೆಟ್ಟುಬಿದ್ದ ಹಣ್ಣಾದರೂ ಸರಿಯೆ. ಕೆಟ್ಟ ಭಾಗವನ್ನು ಕೊಯ್ದು ತೆಗೆಯಬೇಕು. ಸಿಪ್ಪೆ ಸುಲಿದು, ಹೋಳು ಮಾಡಿ, ಎರಡು ಚಮಚ ಸಕ್ಕರೆ, ಚಿಟಿಕೆ ದಾಲ್ಚಿನ್ನಿ ಪುಡಿ, ಕೆಲವು ಹನಿ ನಿಂಬೆರಸ ಬೆರೆಸಿ ಲೋಹದ ತಗ್ಗು ತಟ್ಟೆಯಲ್ಲಿ ಹರಡಿರಿ. ನೀರು ಬೇಡ. 120 ಗ್ರಾಂ ಮೈದಾಕ್ಕೆ 60 ಗ್ರಾಂ ತಣ್ಣನೆಯ ಬೆಣ್ಣೆ ಹಾಕಿ ಬೆರಳ ತುದಿಗಳಿಂದ ತಿಕ್ಕಿ, ರವೆಯಂತಾದಾಗ 60 ಗ್ರಾಂ ಸಕ್ಕರೆ ಸೇರಿಸಿರಿ. ನಾದಿದರೆ ಕೆಟ್ಟಿತು. ಈ ಪುಡಿಯನ್ನು ಒತ್ತದೆ ಹಣ್ಣಿನ ಮೇಲೆ ಉದುರಿಸಿರಿ.

ಓವನ್ ಇದ್ದವರು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 40 ನಿಮಿಷ ಇಟ್ಟರಾಯಿತು. ಇಲ್ಲದವರು ದಪ್ಪ ತಳದ ಅಗಲ ಪಾತ್ರೆಯಲ್ಲಿ ಎರಡು ಬೆರಳು ಎತ್ತರ ಒಣ ಮರಳು ಹಾಕಿ, ಮುಚ್ಚಿ, ಹತ್ತು ನಿಮಿಷ ಕಾಯಿಸಲಿ. ಬಳಿಕ ಒಳಗೆ ಸಿಂಬಿಯಂತಹ ಲೋಹದ ಬಳೆಯಿಟ್ಟು, ಅದರ ಮೇಲೆ ತಟ್ಟೆಯಿರಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಲಿ. ಹೀಗೆ ಮಾಡಿದಾಗ ಮೇಲ್ಭಾಗ ಕೆಂಪಗಾಗುವುದು ಕಡಿಮೆ. ಆದ್ದರಿಂದ ಮೈದಾವನ್ನು ಮೊದಲೇ ಘಮ್ಮೆನ್ನುವಂತೆ ಹುರಿದು, ಪೂರ್ತಿ ಆರಿಸಿಕೊಳ್ಳುವುದು ಲೇಸು. ಅಂಚಿನಲ್ಲಿ ರಸ ಕುದಿಯತೊಡಗಿ, ಚೂರಿ ಹಣ್ಣಿನೊಳಗೆ ಸಲೀಸಾಗಿ ಇಳಿದರೆ ಬೆಂದಿತೆಂದು ತಿಳಿಯಬೇಕು. ಮುಚ್ಚಳದ ಬೆವರು ಪುಡಿಯ ಮೇಲೆ ತೊಟ್ಟಿಕ್ಕದಂತೆ ಒಡನೆಯೇ ತೆಗೆಯಿರಿ.

ಕೈಯಲ್ಲಿ ಇದ್ದಷ್ಟರಲ್ಲಿಯೇ ರುಚಿ ಕಂಡುಕೊಳ್ಳುವುದು ಊರು ಬಿಟ್ಟು ಬಂದ ನಮಗೆ ಹೊಸ ಪಾಠವೇನಲ್ಲ. ಮುಂದಿನ ರಜೆಯ ದಿನ ಕೋಣೆಯ ಗೆಳೆಯರನ್ನು, ಮನೆಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಇದನ್ನು ಬಿಸಿಯಾಗಿ ಬಡಿಸಿರಿ. ಆದರೆ ಬಡಿಸುವವರೂ ಆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂಬುದು ನಮ್ಮ ಆಗ್ರಹ.